ರೈಲಿನ ಪ್ಯಾಂಟ್ರಿ ಊಟ ಈಗ ಯಾಕೆ ಡಬ್ಬಿಯಲ್ಲೇ ಬರುತ್ತದೆ? ₹80ಕ್ಕೆ ಏನೇನು ಸಿಗಬೇಕು?

ರೈಲ್ವೆಯ 2017ರ ಕೇಟರಿಂಗ್ ನೀತಿ ಅಡುಗೆ ಮಾಡುವುದನ್ನೂ ಬಡಿಸುವುದನ್ನೂ ಬೇರ್ಪಡಿಸಿತು. ಅಡುಗೆ ಮುಖ್ಯವಾಗಿ ರೈಲಿನ ಹೊರಗೆ, ಬೇಸ್ ಕಿಚನ್ ಎಂಬ ದೊಡ್ಡ ಅಡುಗೆಮನೆಯಲ್ಲಿ ಆಗಬೇಕು, ರೈಲಿನ ಅಡುಗೆ ಬೋಗಿಯಾದ ಪ್ಯಾಂಟ್ರಿಯಲ್ಲಿ ಬಿಸಿ ಮಾಡಿ ಹಂಚಬೇಕು ಎಂಬುದು ಅದರ ಆಶಯ. ಓಡುವ ಬೋಗಿಯಲ್ಲಿ ಗ್ಯಾಸ್ ಒಲೆ ಉರಿಸುವ ಅಪಾಯ ಕಡಿಮೆಯಾಯಿತು, ಶುಚಿತ್ವದ ಮೇಲೆ ಕಣ್ಣಿಡುವುದು ಸುಲಭವಾಯಿತು. ಇದು ಸರಿಯಾದ ಬದಲಾವಣೆಯೇ. ಆದರೆ ರುಚಿ ಕೆಡುವುದೂ ಇಲ್ಲೇ. ಬಿಸಿ ಚಪಾತಿಯನ್ನು ಫಾಯಿಲ್‌ನಲ್ಲಿ ಮುಚ್ಚಿದರೆ ಹಬೆ ನೀರಾಗಿ ಅದರ ಮೇಲೇ ಇಳಿಯುತ್ತದೆ. ಗಂಟೆ ಕಳೆದರೆ ಅಂಚು ತೊಗಲಿನಂತೆ, ನಡು ಒದ್ದೆ. ರೈಲು ತಡವಾದರಂತೂ ಅನ್ನ ಗಟ್ಟಿಯಾಗಿ, ಪಲ್ಯ ಹುಳಿ ವಾಸನೆ ಹಿಡಿಯುತ್ತದೆ. ಅಂಥದ್ದನ್ನು ತಿನ್ನಲೇಬೇಡಿ.

ಮೇಲ್/ಎಕ್ಸ್‌ಪ್ರೆಸ್ ರೈಲಿನೊಳಗೆ ಸಸ್ಯಾಹಾರಿ ಸ್ಟ್ಯಾಂಡರ್ಡ್ ಊಟದ ದರ ₹80. ಅದರಲ್ಲಿ ಅನ್ನ 150 ಗ್ರಾಂ, ಗಟ್ಟಿ ದಾಲ್ ಅಥವಾ ಸಾಂಬಾರು 150 ಗ್ರಾಂ, ಮೊಸರು 80 ಗ್ರಾಂ, ಎರಡು ಪರಾಠ ಅಥವಾ ನಾಲ್ಕು ರೊಟ್ಟಿ 100 ಗ್ರಾಂ, ಪಲ್ಯ 100 ಗ್ರಾಂ, ಉಪ್ಪಿನಕಾಯಿ 12 ಗ್ರಾಂ ಇರಬೇಕು. ಮೊದಲು ಕೈಬಿಟ್ಟುಹೋಗುವುದು ಮೊಸರು, ಅದನ್ನು ಕೇಳಿ ಪಡೆಯಿರಿ. "ಥಾಲಿ" ಎಂದು ₹120–150 ಕೇಳಿದರೆ, ಹಣ ಕೊಡುವ ಮೊದಲೇ "ಸ್ಟ್ಯಾಂಡರ್ಡ್ ಊಟ ಕೊಡಿ, ಬಿಲ್ಲೂ ಕೊಡಿ" ಎನ್ನಿ. ಬಿಲ್ ಇಲ್ಲದಿದ್ದರೆ ಹಣ ಕೊಡಬೇಕಿಲ್ಲ ಎಂಬುದು ರೈಲ್ವೆಯದೇ ಘೋಷಣೆ.

ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಯಾವ ಕಿಚನ್, ಯಾವಾಗ ಕಟ್ಟಿದ್ದು ಎಂದು ನೋಡಿ. ದೂರಿಗೆ ರೈಲ್ವೆ ಸಹಾಯವಾಣಿ 139 ಅಥವಾ ರೈಲ್ವೆಯ ದೂರು ಆ್ಯಪ್ ರೈಲ್‌ಮದದ್. ಪಿಎನ್‌ಆರ್ ಜೊತೆಗೆ ತೆರೆದ ಡಬ್ಬಿಯ ಫೋಟೊ ಹಾಕಿ, ಇಳಿಯುವ ಮೊದಲೇ ದೂರು ಕೊಡಿ.