ಎಲ್ಲರ ಆಸ್ಪತ್ರೆ ಖರ್ಚು ನಾನ್ಯಾಕೆ ಕಟ್ಟಬೇಕು?

ಪ್ರಶ್ನೆ: ನಾನು ಖಾಸಗಿ ಕಂಪನಿ ನೌಕರ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿದುಕೊಳ್ಳುತ್ತಾರೆ. ಮನೆಯವರ ಆರೋಗ್ಯ ವಿಮೆಗೆ ಬೇರೆ ಕಟ್ಟುತ್ತೇನೆ. ಈಗ ಎಲ್ಲರಿಗೂ ಉಚಿತ ಚಿಕಿತ್ಸೆ ಅಂದರೆ ಆ ಹೊರೆಯೂ ನಮ್ಮಂಥವರ ಮೇಲೇ ಅಲ್ವಾ? ಪುಕ್ಕಟೆ ಸಿಗುವಾಗ ಜನ ಒಂದು ರೂಪಾಯಿಯಾದರೂ ಬಿಚ್ಚುತ್ತಾರಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಸಂಕಟ ಸುಳ್ಳಲ್ಲ. ಆದಾಯ ತೆರಿಗೆ ಸಾಲದು ಅಂತ ಅದರ ಮೇಲೆ ಆರೋಗ್ಯ ಮತ್ತು ಶಿಕ್ಷಣದ ಹೆಸರಲ್ಲಿ 4% ಸೆಸ್ ಕೂಡ ಕಟ್ಟುತ್ತೀರಿ. ಆದರೆ ನಿಮ್ಮ ಮನೆ ಕೆಲಸಕ್ಕೆ ಬರುವವರೂ ಮೊಬೈಲ್ ರೀಚಾರ್ಜ್ ಮಾಡಿಸಿದಾಗಲೆಲ್ಲ 18% ಜಿಎಸ್‌ಟಿ ಕಟ್ಟುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಜನ ದುಡ್ಡು ಬಿಚ್ಚಲ್ಲ ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಸಹಕಾರ ಸಂಘದವರ ಯಶಸ್ವಿನಿ ಆರೋಗ್ಯ ಯೋಜನೆ ನೆನಪಿದೆಯಾ? 2003ರಲ್ಲಿ ಶುರುವಾದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರ್ಕಾರವೂ ಒಂದಷ್ಟು ಹಾಕಿತು, ನಿಜ. ಆದರೂ ಸಹಕಾರ ಸಂಘದ ರೈತರು, ಅವರ ಮನೆಯವರು ಸೇರಿ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಹೆಸರು ಬರೆಸಿದರು. ಪಕ್ಕದ ಮನೆಯವನಿಗೆ ಆಪರೇಷನ್ ಆಗಿ ಅವನು ಎದ್ದು ಓಡಾಡುವುದನ್ನು ಕಣ್ಣಾರೆ ಕಂಡರೆ ಯಾರು ತಾನೇ ಕಟ್ಟುವುದಿಲ್ಲ? 2018ರಲ್ಲಿ ಅದನ್ನು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿಬಿಟ್ಟರು. 2022ರಲ್ಲಿ ಮತ್ತೆ ಬಂತು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಅಂತ. ಆಗಲೂ ಜನ ಕಟ್ಟಿದರು.

ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ. ಅಪ್ಪನಿಗೆ ಎದೆನೋವು ಬಂದಾಗ ರಾತ್ರಿ ಎರಡು ಗಂಟೆ. ಕ್ಯಾಶ್ ಕೌಂಟರಿನಲ್ಲಿ ‘ಮೊದಲು ಅಡ್ವಾನ್ಸ್ ಕಟ್ಟಿ’ ಅಂದರು. ಅಕ್ಕನ ಕೈಯ ಬಳೆ ಬರಲೇ ಇಲ್ಲ, ಮದುವೆಯಲ್ಲಿ ಹಾಕಿದ್ದು, ಆಸ್ಪತ್ರೆಯ ಕೈ ತೊಳೆಯುವ ನಲ್ಲಿಯ ಕೆಳಗೆ ಸೋಪು ಹಚ್ಚಿ ಎಳೆದೆವು, ಮುಂಗೈ ಕೆಂಪಾಗಿ ಊದಿಕೊಂಡಿತ್ತು. ಬೆಳಿಗ್ಗೆ ಗಿರವಿ ಅಂಗಡಿ ತೆಗೆಯುವವರೆಗೆ ಭಾವ ಸಿಕ್ಕ ಸಿಕ್ಕವರಿಗೆಲ್ಲ ಫೋನ್ ಮಾಡುತ್ತಲೇ ಇದ್ದರು. ಆ ಬಳೆ ಮತ್ತೆ ಮನೆಗೆ ಬರಲಿಲ್ಲ.

ಇದೂ ಆರೋಗ್ಯದ ಖರ್ಚೇ ತಾನೇ? ಸರ್ಕಾರದ ಲೆಕ್ಕದಲ್ಲೇ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನ ಸುಮಾರು 39% ಹೀಗೆ ಜನರ ಜೇಬಿನಿಂದ ಹೋಗಿದೆ. ಅಂದರೆ ಎಲ್ಲರೂ ಈಗಾಗಲೇ ಕಟ್ಟುತ್ತಿದ್ದೇವೆ, ಕಾಯಿಲೆ ಬಿದ್ದ ದಿನ, ಒಬ್ಬೊಬ್ಬರೇ. ಅದನ್ನೇ ಮೊದಲೇ ಎಲ್ಲರೂ ಸೇರಿ ಸ್ವಲ್ಪ ಸ್ವಲ್ಪ ಕಟ್ಟೋಣ ಅಂತ ನಾನು ಕೇಳುವುದು.

ನಿಮಗೆ ಅನ್ಯಾಯ ಆಗಿರುವುದು ಬೇರೆ ಕಡೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಿಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, 30% ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುವಂತಿಲ್ಲ. ಕೇಳುವುದಾದರೆ ಇದನ್ನು ಕೇಳಿ, ‘ಅವರಿಗೆ ಯಾಕೆ’ ಅನ್ನಬೇಡಿ, ‘ನಮಗೂ ಕೊಡಿ’ ಅನ್ನಿ. ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ.

ಅಲ್ಲಿಯವರೆಗೆ ನಿಮ್ಮ ವಿಮೆ ಮಾತ್ರ ನಿಲ್ಲಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತವಾಗಿ ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಈ ಸಲ ಕಟ್ಟುವಾಗ ರಸೀದಿ ನೋಡಿಕೊಳ್ಳಿ.