ಖಾತೆ ತೆರೆದವರು ಯಾರು? ಸರ್ವರ್ ಲಾಗ್ ಎಷ್ಟನ್ನು ಹೇಳಬಲ್ಲದು

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್ ವ್ಯವಸ್ಥೆಯನ್ನೂ ನೋಡಿಕೊಳ್ಳುತ್ತಿದ್ದೇನೆ. ಉಬುಂಟು (ಲಿನಕ್ಸ್ ಬಳಗದ ಕಾರ್ಯಾಚರಣಾ ವ್ಯವಸ್ಥೆ) ಇರುವ ನಮ್ಮ ಸರ್ವರ್‌ನಲ್ಲಿ ಹನ್ನೆರಡು ಬಳಕೆದಾರರ ಖಾತೆಗಳಿರಬೇಕು. ಕಳೆದ ವಾರ ಎಣಿಸಿದಾಗ ಹದಿಮೂರಿದ್ದವು. ಆ ಹದಿಮೂರನೆಯ ಖಾತೆಗೆ ಸುಡೊ ಅಧಿಕಾರವೂ, ಅಂದರೆ ನಿರ್ವಾಹಕರಂತೆ ಆದೇಶ ಕೊಡುವ ಅಧಿಕಾರವೂ ಇದೆ. ಕೊಯ್ಲಿನ ಕಾಲಕ್ಕೆಂದು ಬಂದಿದ್ದ ತಾತ್ಕಾಲಿಕ ಗುಮಾಸ್ತರು ಈಗ ಕೆಲಸದಲ್ಲಿಲ್ಲ. ಆ ಖಾತೆಯನ್ನು ಯಾರು, ಯಾವಾಗ ತೆರೆದರೆಂದು ತಿಳಿಯುವುದು ಹೇಗೆ? ಸರ್ವರ್ ನಿರ್ವಹಣೆಗೆ ನಾವು ಮೂವರೂ ಒಂದೇ ರೂಟ್ (ಸರ್ವಾಧಿಕಾರವುಳ್ಳ ಮುಖ್ಯ ಖಾತೆ) ಪಾಸ್‌ವರ್ಡ್ ಬಳಸುತ್ತೇವೆ.
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ‘ಯಾವಾಗ’ ಎಂಬುದನ್ನು ತಿಳಿಯುವುದು ಸುಲಭ. ‘ಯಾರು’ ಎಂಬುದು ಸಿಗುವುದೋ ಇಲ್ಲವೋ ಎನ್ನುವುದು ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ಅವಲಂಬಿಸಿದೆ.

ಮೊದಲಿಗೆ, ಆ ಖಾತೆಯನ್ನು ಅಳಿಸಬೇಡಿ. ಅಳಿಸಿದರೆ ಅದರ ಮನೆಕೋಶದಲ್ಲಿರುವ (ಆ ಬಳಕೆದಾರರ ಸ್ವಂತ ಕಡತಗಳಿರುವ ಫೋಲ್ಡರ್) ಸುಳಿವುಗಳೂ ಹೋಗಬಹುದು. ಪಾಸ್‌ವರ್ಡಿಗೆ ಬೀಗ ಹಾಕಿದರೆ ಸಾಕೆಂದೂ ತಿಳಿಯಬೇಡಿ, ಏಕೆಂದರೆ ಎಸ್‌ಎಸ್‌ಎಚ್ ಕೀಲಿ (ದೂರದಿಂದ ಲಾಗಿನ್ ಆಗಲು ಬಳಸುವ ಗುರುತಿನ ಕಡತ) ಇಟ್ಟುಕೊಂಡವರು ಪಾಸ್‌ವರ್ಡ್ ಇಲ್ಲದೆಯೇ ಒಳಬರಬಲ್ಲರು. ಖಾತೆಯ ಅವಧಿಯೇ ಮುಗಿದಿದೆಯೆಂದು ಚೇಜ್ (chage) ಆದೇಶದ ಮೂಲಕ ನಮೂದಿಸಿ. ಬಳಿಕ ಲಾಗ್ ಕಡತಗಳ (ನಡೆದದ್ದನ್ನು ಸರ್ವರ್ ತಾನೇ ಬರೆದಿಡುವ ದಾಖಲೆಗಳು) ಪ್ರತಿಯನ್ನು ಬೇರೊಂದು ಯಂತ್ರಕ್ಕೆ ತೆಗೆದಿಟ್ಟುಕೊಳ್ಳಿ. ಇದಕ್ಕೆ ಅವಸರವಿದೆ: ಉಬುಂಟುವಿನ ಮೂಲ ಏರ್ಪಾಟಿನಲ್ಲಿ ಈ ಕಡತಗಳು ವಾರಕ್ಕೊಮ್ಮೆ ಬದಲಾಗುತ್ತವೆ, ಹಳೆಯ ನಾಲ್ಕು ಪ್ರತಿಗಳಷ್ಟೇ ಉಳಿಯುತ್ತವೆ, ಉಳಿದವು ತಾವಾಗಿಯೇ ಅಳಿದುಹೋಗುತ್ತವೆ.

ನೋಡಬೇಕಾದ ಕಡತ ವರ್ ಕೋಶದೊಳಗಿನ ಲಾಗ್ ಕೋಶದಲ್ಲಿರುವ ‘ಆತ್.ಲಾಗ್’ (/var/log/auth.log). ರೆಡ್‌ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಇದೇ ಕೆಲಸದ ಕಡತಕ್ಕೆ ‘ಸೆಕ್ಯೂರ್’ ಎಂಬ ಹೆಸರಿದೆ. ಖಾತೆ ತೆರೆಯುವ ಯೂಸರ್‌ಆ್ಯಡ್ ಆದೇಶ ನಡೆದಾಗ ‘ನ್ಯೂ ಯೂಸರ್’ ಎಂಬ ಸಾಲು ಬೀಳುತ್ತದೆ. ಅದರಲ್ಲಿ ಖಾತೆಯ ಹೆಸರು, ಯುಐಡಿ (ಬಳಕೆದಾರರ ಗುರುತಿನ) ಸಂಖ್ಯೆ, ಮನೆಕೋಶ ಮತ್ತು ಶೆಲ್ (ಆದೇಶಗಳನ್ನು ಪಡೆದು ನಡೆಸುವ ತಂತ್ರಾಂಶ) ಇರುತ್ತವೆ. ಸುಡೊ ಗುಂಪಿಗೆ ಸೇರಿಸಿದ್ದು ಬೇರೆ ಸಾಲಾಗಿ, ಪಾಸ್‌ವರ್ಡ್ ಬದಲಿಸಿದ್ದು ಇನ್ನೊಂದು ಸಾಲಾಗಿ ದಾಖಲಾಗುತ್ತವೆ. ಇವುಗಳ ನಡುವಿನ ಅಂತರವನ್ನು ಗಮನಿಸಿ. ಖಾತೆ ತೆರೆದ ನಿಮಿಷದಲ್ಲೇ ಸುಡೊ ಅಧಿಕಾರ ಕೊಟ್ಟಿದ್ದರೆ ಅದು ಒಬ್ಬರೇ ಯೋಚಿಸಿ ಮಾಡಿದ ಕೆಲಸವಿರಬಹುದು. ವಾರಗಳ ಬಳಿಕ ಕೊಟ್ಟಿದ್ದರೆ, ಸಾಮಾನ್ಯ ಗುಮಾಸ್ತರ ಖಾತೆಗೆ ಯಾವುದೋ ಅಡಚಣೆಯ ದಿನ ಯಾರೋ ‘ಸದ್ಯಕ್ಕಿರಲಿ’ ಎಂದು ಅಧಿಕಾರ ಕೊಟ್ಟು ಮರೆತಿರುವ ಸಂಭವವೇ ಹೆಚ್ಚು.

ಸಮಯದ ವಿಷಯದಲ್ಲಿ ಎಚ್ಚರವಿರಲಿ. ಸರ್ವರ್ ಯುಟಿಸಿ (ವಿಶ್ವ ಪ್ರಮಾಣ) ಕಾಲಮಾನದಲ್ಲಿದ್ದರೆ ಭಾರತೀಯ ಕಾಲಮಾನ ತಿಳಿಯಲು ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು: ಲಾಗ್‌ನಲ್ಲಿ 18:47 ಎಂದಿದ್ದರೆ ನಮ್ಮಲ್ಲಿ ಆಗ ನಡುರಾತ್ರಿ ಕಳೆದು 12:17, ಅಂದರೆ ದಿನಾಂಕ ಮರುದಿನದ್ದು. ಸಂಜೆ ಕಚೇರಿಯಲ್ಲಿದ್ದವರ ಮೇಲೆ ಅನುಮಾನ ಬೀಳುವುದೂ ಬೀಳದಿರುವುದೂ ಈ ಲೆಕ್ಕದಿಂದ ತೀರ್ಮಾನವಾಗಬಹುದು. ಹಳೆಯ ಮಾದರಿಯ ಲಾಗ್ ಸಾಲುಗಳಲ್ಲಿ ವರ್ಷವೂ ಇರುವುದಿಲ್ಲ.

‘ನ್ಯೂ ಯೂಸರ್’ ಸಾಲು ಎಲ್ಲಿಯೂ ಸಿಗದಿದ್ದರೆ ಎರಡು ಸಾಧ್ಯತೆಗಳಿವೆ. ಒಂದು, ಆ ವಾರದ ಕಡತ ಅಳಿದುಹೋಗಿರಬಹುದು. ಆಗ ಖಾತೆಯ ಮನೆಕೋಶ ಹುಟ್ಟಿದ ದಿನಾಂಕವನ್ನು ಸ್ಟ್ಯಾಟ್ ಆದೇಶದಿಂದ ನೋಡಿ. ಇನ್ನೊಂದು, ಯಾರೋ ಪಾಸ್‌ವರ್ಡ್ ಕಡತವನ್ನೇ ಎಡಿಟರ್‌ನಲ್ಲಿ ತೆರೆದು ಕೈಯಿಂದ ಸಾಲು ಸೇರಿಸಿರಬಹುದು. ಹಾಗೆ ಮಾಡಿದರೆ ಯೂಸರ್‌ಆ್ಯಡ್ ಆದೇಶ ಓಡಿರುವುದೇ ಇಲ್ಲ, ದಾಖಲೆಯೂ ಹುಟ್ಟುವುದಿಲ್ಲ. ಎರಡನೆಯದು ಹೆಚ್ಚು ಚಿಂತೆಯ ವಿಷಯ.

ಇನ್ನು ‘ಯಾರು’ ಎಂಬುದು. ಯೂಸರ್‌ಆ್ಯಡ್ ಸಾಲಿನಲ್ಲಿ ಹೊಸ ಖಾತೆಯ ಹೆಸರಿರುತ್ತದೆಯೇ ಹೊರತು ಅದನ್ನು ತೆರೆದವರ ಹೆಸರಲ್ಲ. ಅದಕ್ಕಾಗಿ ಅದೇ ನಿಮಿಷದ ಮೇಲಿನ ಸಾಲುಗಳನ್ನು ಓದಬೇಕು. ಸುಡೊ ಬಳಸಿದ್ದರೆ ಆದೇಶ ಕೊಟ್ಟವರ ಹೆಸರು, ಟರ್ಮಿನಲ್ ಮತ್ತು ಆದೇಶದ ಪೂರ್ಣ ಪಾಠ ಅಲ್ಲಿಯೇ ಇರುತ್ತದೆ. ತಮ್ಮ ಖಾತೆಯಿಂದ ಒಳಬಂದು ಬಳಿಕ ರೂಟ್ ಆಗಿದ್ದರೂ ಯಾರು ಹಾಗೆ ಬದಲಾದರೆಂಬ ಸಾಲು ಸಿಗುತ್ತದೆ. ಆದರೆ ಮೂವರೂ ನೇರವಾಗಿ ರೂಟ್ ಹೆಸರಿನಲ್ಲೇ ಒಳಬರುತ್ತಿದ್ದರೆ ನಿಮಗೆ ಸಿಗುವುದು ಒಂದು ಐಪಿ ವಿಳಾಸ ಮಾತ್ರ. ಅದು ಯಾವ ಮೇಜಿನ ಕಂಪ್ಯೂಟರ್ ಎಂದು ಹೇಳೀತು, ಎದುರಿಗೆ ಕುಳಿತವರು ಯಾರೆಂದು ಹೇಳದು. ತೂಕದ ಚೀಟಿಗೆ ಮೂವರೂ ಒಂದೇ ಸಹಿ ಹಾಕುವುದನ್ನು ನಿಮ್ಮ ಕಚೇರಿ ಒಪ್ಪುತ್ತದೆಯೇ? ಇಲ್ಲಿ ಆಗಿರುವುದು ಅದೇ. ಉಬುಂಟು ಅಳವಡಿಸುವಾಗ ರೂಟ್ ಖಾತೆಗೆ ಪಾಸ್‌ವರ್ಡ್ ಇರುವುದೇ ಇಲ್ಲ. ಅದನ್ನು ಬೇಕೆಂದೇ ಇಟ್ಟವರು ನಿಮ್ಮವರೇ. ಅದನ್ನು ಮುಚ್ಚಿ, ಮೂವರಿಗೂ ಸ್ವಂತ ಖಾತೆ ಮತ್ತು ಸುಡೊ ಕೊಡಿ.

ಜೊತೆಗೆ ಕಡತಗಳಲ್ಲಾಗುವ ಬದಲಾವಣೆಗಳನ್ನು ದಾಖಲಿಸುವ ಆಡಿಟ್‌ಡಿ ಸೇವೆಯನ್ನು ಅಳವಡಿಸಿ, ಇಟಿಸಿ ಕೋಶದಲ್ಲಿರುವ ಪಾಸ್‌ವರ್ಡ್, ಶ್ಯಾಡೊ, ಗ್ರೂಪ್ ಮತ್ತು ಸುಡೊಯರ್ಸ್ ಕಡತಗಳ ಮೇಲೆ ಕಾವಲು ನಿಯಮ ಬರೆಯಿರಿ. ಅದು ದಾಖಲಿಸುವ ‘ಎಯುಐಡಿ’ ಎಂಬ ಸಂಖ್ಯೆ ಮೊದಲು ಲಾಗಿನ್ ಆದವರದ್ದಾಗಿದ್ದು, ನಡುವೆ ರೂಟ್ ಆದರೂ ಬದಲಾಗುವುದಿಲ್ಲ. ಕೈಯಿಂದ ಕಡತ ತಿದ್ದಿದ್ದೂ ಅದರ ಕಣ್ಣು ತಪ್ಪಿಸದು. ಆದರೂ ರೂಟ್ ಅಧಿಕಾರವುಳ್ಳವರು ಆ ಯಂತ್ರದ ಲಾಗನ್ನೇ ಅಳಿಸಬಲ್ಲರಾದ್ದರಿಂದ, ಲಾಗ್ ರವಾನಿಸುವ ಆರ್‌ಸಿಸ್‌ಲಾಗ್ ತಂತ್ರಾಂಶದ ಮೂಲಕ ಪ್ರತಿಯೊಂದು ಸಾಲೂ ಆಗಿಂದಾಗಲೇ ಇನ್ನೊಂದು ಯಂತ್ರಕ್ಕೆ ಹೋಗುವಂತೆ ಮಾಡಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನಗಳ ಕಾಲ ಕಾಯ್ದಿಡಬೇಕು. ಅನಧಿಕೃತ ಪ್ರವೇಶ ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ನಿಮ್ಮ ಮೂವರಲ್ಲಿ ಯಾರೂ ಆ ಖಾತೆ ತಮ್ಮದೆಂದು ಒಪ್ಪದಿದ್ದರೆ ಇದನ್ನು ಮರೆವೆಂದು ಬಿಡುವಂತಿಲ್ಲ. ಆಡಳಿತದವರಿಗೆ ಇಂದೇ ಲಿಖಿತವಾಗಿ ತಿಳಿಸಿ.

ಮುಂದಿನ ಡಿಸೆಂಬರ್‌ನಲ್ಲಿ ಹೊಸ ಗುಮಾಸ್ತರು ಬಂದಾಗ, ಅವರ ಖಾತೆ ತೆರೆಯುವ ದಿನವೇ ಕೊಯ್ಲು ಮುಗಿಯುವ ದಿನಾಂಕವನ್ನು ಖಾತೆಯ ಕೊನೆಯ ದಿನವನ್ನಾಗಿ ನಮೂದಿಸಿ.