ಪೆನ್ಸಿಲ್ ಹಿಡಿಯಲ್ಲ, ಪಾತ್ರೆ ಬಿಡಲ್ಲ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಮೂರೂವರೆ ವರ್ಷ. ಇಡೀ ದಿನ ಅಡುಗೆಮನೆಯ ಡಬ್ಬಿ, ಲೋಟ, ಸೌಟು ಹರಡಿಕೊಂಡು ತನ್ನಷ್ಟಕ್ಕೆ ಮಾತಾಡುತ್ತಾ ಆಡುತ್ತಾನೆ. ಪೆನ್ಸಿಲ್ ಕೊಟ್ಟರೆ ಎಸೆಯುತ್ತಾನೆ. ಓರಗಿತ್ತಿಯ ಮಗಳಿಗೂ ಇದೇ ವಯಸ್ಸು, ಅವಳು ಆಗಲೇ ಅ ಆ ಇ ಈ ಬರೆಯುತ್ತಾಳೆ. ದುಬಾರಿ ಬ್ಲಾಕ್ಸ್ ತಂದು ‘ಹೀಗೆ ಜೋಡಿಸು’ ಅಂತ ತೋರಿಸಿದರೆ ಎದ್ದೇ ಹೋಗುತ್ತಾನೆ. ಟ್ಯೂಷನ್‌ಗೆ ಹಾಕಲಾ?
- ಓದುಗರು, ದಾವಣಗೆರೆ

ಉತ್ತರ: ಟ್ಯೂಷನ್ ಖಂಡಿತ ಬೇಡ. ಪೆನ್ಸಿಲ್ಲನ್ನೂ ಸದ್ಯಕ್ಕೆ ಎತ್ತಿಡಿ. ಅಕ್ಷರ ಬರೆಯಬೇಕಾದರೆ ಮೊದಲು ಬೆರಳಿಗೆ ಬಲ ಬರಬೇಕು, ಮಣಿಕಟ್ಟು ಗಟ್ಟಿಯಾಗಬೇಕು, ಕಣ್ಣು ನೋಡಿದ ಕಡೆ ಕೈ ಹೋಗಬೇಕು. ಡಬ್ಬಿಯ ಮುಚ್ಚಳ ತಿರುಗಿಸಿ, ಲೋಟದಿಂದ ಲೋಟಕ್ಕೆ ನೀರು ಸುರಿದು, ಚಪಾತಿ ಹಿಟ್ಟು ನಾದಿ, ಬಟಾಣಿ ಸುಲಿದು ಇದೆಲ್ಲ ಬರುತ್ತದೆ, ಅಂದರೆ ನಿಮ್ಮ ಮಗ ಈಗ ಬರವಣಿಗೆಗೇ ತಯಾರಾಗುತ್ತಿದ್ದಾನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವಾಗಿ ಇಟ್ಟು, ಅದು ಆಟದ ಮೂಲಕ ಆಗಲಿ ಅನ್ನುತ್ತದೆ.

ತನ್ನಷ್ಟಕ್ಕೆ ಮಾತಾಡುವುದಕ್ಕೂ ಗಾಬರಿ ಬೇಡ. ‘ಈಗ ಸಾರು ಕುದೀತು, ಇಳಿಸ್ಬೇಕು’ ಅಂತ ಮಗು ಅಂದುಕೊಳ್ಳುವಾಗ ಅದು ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳುತ್ತಿರುತ್ತದೆ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಇದನ್ನು 1930ರ ದಶಕದಲ್ಲೇ ಗುರುತಿಸಿದ್ದರು. ಇದೇ ಮಾತು ಮುಂದೆ ಒಳಗಿಳಿದು ಯೋಚನೆಯಾಗುತ್ತದೆ ಅನ್ನುವುದು ಅವರ ವಿವರಣೆ.

ಇನ್ನು ಬ್ಲಾಕ್ಸ್ ವಿಚಾರ. ಅವನು ಎದ್ದು ಹೋಗುವುದು ಬ್ಲಾಕ್ಸ್ ಇಷ್ಟವಿಲ್ಲದೆ ಅಲ್ಲ, ‘ಹೀಗೆ ಜೋಡಿಸು’ ಅಂದ ಕೂಡಲೇ ಆಟ ನಿಮ್ಮದಾಗಿಬಿಡುತ್ತದೆ, ಅಲ್ವಾ? ನೀವು ಪಕ್ಕದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಫೋನ್ ದೂರ ಇಡಿ. ಅವನು ಖಾಲಿ ಲೋಟ ಕೊಟ್ಟು ಕಾಫಿ ಅಂದರೆ ಕುಡಿದು ‘ಸಕ್ಕರೆ ಸಾಲದಲ್ಲ’ ಅನ್ನಿ, ಸಕ್ಕರೆ ಎಲ್ಲಿಂದ ತರುತ್ತಾನೆ ಅಂತ ಸುಮ್ನೆ ನೋಡಿ. ಅವನು ಏನೋ ಅನ್ನುತ್ತಾನೆ, ನೀವು ಅದಕ್ಕೊಂದು ಮಾತು ಸೇರಿಸುತ್ತೀರಿ, ಮತ್ತೆ ಅವನ ಸರದಿ. ಈ ಹೋಗಿ ಬರುವ ಮಾತಿನಲ್ಲೇ ಮಗುವಿನ ಭಾಷೆ ಬೆಳೆಯುವುದು. ಅದಕ್ಕೆ ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಸಾಕು, ಉಳಿದ ಹೊತ್ತು ಅವನೊಬ್ಬನೇ ಆಡಲಿ, ಬೇಜಾರಾದರೂ ಆಗಲಿ, ಪ್ರತಿ ಬಾರಿ ನೀವೇ ಹೋಗಿ ರಂಜಿಸಬೇಕಿಲ್ಲ.

ಹೊರಗೂ ಬಿಡಿ. ಈ ವಯಸ್ಸಿಗೆ ದಿನಕ್ಕೆ ಕನಿಷ್ಠ 3 ಗಂಟೆ ಓಡಾಟ ಬೇಕು, ಅದರಲ್ಲಿ 1 ಗಂಟೆ ಚೆನ್ನಾಗಿ ಏದುಸಿರು ಬರುವಂಥದ್ದು, ಸ್ಕ್ರೀನ್ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕಣ್ಣಾಮುಚ್ಚಾಲೆಗೆ ಅಜ್ಜಿಯನ್ನೂ ಕರೆಯಿರಿ. ಎಣಿಸುವುದು, ಕಾಯುವುದು, ಸೋಲುವುದು ಎಲ್ಲ ಅದರಲ್ಲಿದೆ. ಬಟ್ಟೆ ಮಣ್ಣಾದರೆ ಬೈಯಬೇಡಿ.

ಒಂದು ಎಚ್ಚರಿಕೆ ಮಾತ್ರ. ಹೆಸರು ಹಿಡಿದು ಕರೆದರೂ ತಿರುಗಿ ನೋಡದಿದ್ದರೆ, ಎರಡು ಮೂರು ಪದ ಸೇರಿಸಿ ಮಾತಾಡದಿದ್ದರೆ, ಅಥವಾ ಬರುತ್ತಿದ್ದ ಮಾತು ನಿಂತುಹೋಗಿದ್ದರೆ ‘ಹುಡುಗರು ತಡವಾಗಿ ಮಾತಾಡ್ತಾರೆ’ ಅನ್ನುವ ಮಾತು ಕೇಳಿ ಕೂರಬೇಡಿ, ಮಕ್ಕಳ ಡಾಕ್ಟರಿಗೆ ಈ ವಾರವೇ ತೋರಿಸಿ.